ರಕ್ಷಣಾ ಪ್ರಯೋಗಾಲಯಗಳಿಗೆ ಒಳ್ಳೆಯ ವಿಜ್ಞಾನಿಗಳು ಯಾಕೆ ಸಿಗುತ್ತಿಲ್ಲ?

ಪ್ರಶ್ನೆ: ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ರಕ್ಷಣಾ ಸಂಶೋಧನೆಗೆ ವಿಜ್ಞಾನಿಗಳು, ಇಂಜಿನಿಯರ್‌ಗಳು ಸಾಲುತ್ತಿಲ್ಲ ಅಂತ ಒಂದಲ್ಲ ಒಂದು ದೇಶದಿಂದ ಸುದ್ದಿ ಬರುತ್ತಲೇ ಇರುತ್ತದೆ. ನನ್ನ ಚುರುಕಾದ ವಿದ್ಯಾರ್ಥಿಗಳನ್ನು ಕೇಳಿದರೆ 'ಅಲ್ಲಿ ಸಂಬಳ ಕಮ್ಮಿ ಸರ್' ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಿಜವಾಗಿಯೂ ತೊಂದರೆ ಸಂಬಳದ್ದೇನಾ? ಸಂಬಳ ಏರಿಸಿದರೆ ಜನ ಬರುತ್ತಾರಾ? ಹೋಗಬೇಕು ಅಂತ ಆಸೆ ಇರುವ ಒಬ್ಬಿಬ್ಬರಿಗೆ ನಾನು ಏನು ಹೇಳಲಿ?

ಉತ್ತರ: ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿಗಳು ಹೇಳಿದ್ದು ಸುಳ್ಳಲ್ಲ. ಆದರೆ ಅದು ಹೇಳಲು ಸುಲಭವಾದ ಕಾರಣ. ಸಂಬಳ ಕಮ್ಮಿ ಅಂದುಬಿಟ್ಟರೆ ಮುಂದಿನ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅದೇ ಹುಡುಗರು ಅದಕ್ಕಿಂತ ಕಮ್ಮಿ ಸ್ಟೈಪೆಂಡ್‌ಗೆ ಪಿಎಚ್.ಡಿ. ಮಾಡಲು ಹೊರಡುತ್ತಾರೆ. ಯಾವಾಗ ಮುಚ್ಚುತ್ತದೋ ಗೊತ್ತಿಲ್ಲದ ಸ್ಟಾರ್ಟಪ್ ಸೇರುತ್ತಾರೆ. ಅಲ್ಲಿ ಹಣದ ಮಾತು ಅಷ್ಟಾಗಿ ಬರುವುದಿಲ್ಲ. ಹೋಗಿ ಏನು ಮಾಡುತ್ತೇವೆ, ಯಾರ ಜೊತೆ ಮಾಡುತ್ತೇವೆ ಅನ್ನುವುದು ಅವರಿಗೆ ಮೊದಲೇ ಗೊತ್ತಿರುತ್ತದೆ, ಅದಕ್ಕೆ.

ನನ್ನ ಪ್ರಕಾರ ಮೂಲ ತೊಂದರೆ ಗುಟ್ಟಿನದು. ಸೇರುವ ಮೊದಲು ಕೆಲಸ ಏನು ಅಂತ ಹೇಳುವ ಹಾಗಿಲ್ಲ. ಸೇರಿಸಿಕೊಳ್ಳುವ ಮೊದಲು ಇವರು ಯಾರು, ಎತ್ತ ಅಂತ ತಿಂಗಳುಗಟ್ಟಲೆ ಜಾಲಾಡಬೇಕು. ಸೇರಿದ ಮೇಲೆ ಮಾಡಿದ್ದನ್ನು ಹೊರಗೆ ತೋರಿಸುವ ಹಾಗಿಲ್ಲ. ಗುಟ್ಟು ಬೇಡ ಅಂತ ನಾನು ಹೇಳುತ್ತಿಲ್ಲ, ಬೇಕೇ ಬೇಕು. ಆದರೆ ಗುಟ್ಟು ಬಿಟ್ಟಿ ಬರುವುದಿಲ್ಲ. ಎಷ್ಟು ಜನರನ್ನು ಅದು ಬಾಗಿಲಿನಿಂದಲೇ ವಾಪಸ್ ಕಳಿಸುತ್ತಿದೆ ಅನ್ನುವ ಲೆಕ್ಕವನ್ನು ನೇಮಕ ಮಾಡುವವರು ಸಾಮಾನ್ಯವಾಗಿ ಹಾಕುವುದೇ ಇಲ್ಲ. ಹಾಕಿದ ಕಡೆ ಜನ ಸಿಕ್ಕಿದ್ದಾರೆ.

ಸಂಬಳದ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಕೃತಕ ಬುದ್ಧಿಮತ್ತೆ, ಚಿಪ್ ವಿನ್ಯಾಸ, ಸೈಬರ್ ಭದ್ರತೆ, ಈ ಮೂರು ಕಡೆ ಖಾಸಗಿ ಕಂಪನಿ ಕೊಡುವ ಹಣದ ಹತ್ತಿರಕ್ಕೂ ಯಾವ ಸರ್ಕಾರವೂ ಹೋಗಲಾರದು. ಅಲ್ಲಿ ಪೈಪೋಟಿ ಮಾಡಿ ಗೆಲ್ಲುತ್ತೇವೆ ಅಂತ ಹೊರಡುವುದೇ ದಂಡ. ಸ್ಫೋಟಕ ರಸಾಯನ, ಜಲಾಂತರ್ಗಾಮಿಯ ಸೋನಾರ್, ಕ್ಷಿಪಣಿಯ ಮಾರ್ಗದರ್ಶನ, ಜೆಟ್ ಎಂಜಿನ್ನಿನ ಬ್ಲೇಡು, ಇಂಥ ಕೆಲಸಗಳ ಕಥೆ ಬೇರೆ. ಹೊರಗೆ ಆ ಕೆಲಸ ಕೊಡುವವರೇ ಬೆರಳೆಣಿಕೆ. ಆ ವಿಷಯದ ಹುಚ್ಚು ಹಿಡಿದವನಿಗೆ ರಕ್ಷಣಾ ಪ್ರಯೋಗಾಲಯವೇ ಊರಿಗೊಂದೇ ಬಾವಿ. ಅಂಥವನು ಸಾಧಾರಣ ಸಂಬಳಕ್ಕೂ ಬರುತ್ತಾನೆ, ಅದು ತಿಂಗಳಿಗೆ ಸರಿಯಾಗಿ ಬಂದರೆ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಅಣ್ವಸ್ತ್ರ ತಯಾರಿಸುತ್ತಿದ್ದ ಮುಚ್ಚಿದ ಪಟ್ಟಣಗಳಲ್ಲಿ ತಿಂಗಳುಗಟ್ಟಲೆ ಸಂಬಳ ನಿಂತುಹೋಗಿತ್ತು. 1996ರಲ್ಲಿ ಅಂಥ ಒಂದು ಪ್ರಯೋಗಾಲಯದ ನಿರ್ದೇಶಕರು ತಮ್ಮವರಿಗೆ ಸಂಬಳ ಕೊಡಲಾಗದೆ ತಮ್ಮ ಪ್ರಾಣವನ್ನೇ ತೆಗೆದುಕೊಂಡರು. ಈ ವಿಜ್ಞಾನಿಗಳು ಹೊಟ್ಟೆಪಾಡಿಗೆ ಬೇರೆ ಯಾರಿಗಾದರೂ ಬಾಂಬಿನ ವಿದ್ಯೆ ಮಾರಿಯಾರು ಅನ್ನುವ ಭಯಕ್ಕೆ ಅಮೆರಿಕ, ಯುರೋಪ್, ಜಪಾನ್ ಸೇರಿ ಮಾಸ್ಕೋದಲ್ಲಿ ಒಂದು ಕೇಂದ್ರ ತೆರೆದು ಅವರಿಗೆ ನಾಗರಿಕ ಸಂಶೋಧನೆಯ ಕೆಲಸ, ದುಡ್ಡು ಕೊಟ್ಟವು.

ಸಂಬಳದ ಮೊತ್ತಕ್ಕಿಂತ ಅದನ್ನು ಕೊಡುವ ರೀತಿ ಮುಖ್ಯ. 1980ರಲ್ಲಿ ಅಮೆರಿಕದ ನೌಕಾಪಡೆ ಕ್ಯಾಲಿಫೋರ್ನಿಯಾದ ಚೈನಾ ಲೇಕ್ ಮತ್ತು ಸ್ಯಾನ್ ಡಿಯೇಗೋ ಪ್ರಯೋಗಾಲಯಗಳಲ್ಲಿ ಒಂದು ಪ್ರಯೋಗ ಶುರು ಮಾಡಿತು. ಸರ್ಕಾರಿ ಪೇ ಸ್ಕೇಲಿನ ಸಣ್ಣ ಸಣ್ಣ ಮೆಟ್ಟಿಲುಗಳನ್ನು ಒಟ್ಟು ಸೇರಿಸಿ ನಾಲ್ಕೈದು ಅಗಲವಾದ ಹಂತ ಮಾಡಿದರು. ಹೊಸದಾಗಿ ಸೇರುವವನಿಗೆ ಎಷ್ಟರಿಂದ ಶುರು ಅನ್ನುವುದನ್ನು ಪ್ರಯೋಗಾಲಯವೇ ತೀರ್ಮಾನಿಸಬಹುದಿತ್ತು. ಮುಂದಿನ ಏರಿಕೆ ವರ್ಷ ಕಳೆದದ್ದಕ್ಕಲ್ಲ, ಕೆಲಸ ನೋಡಿ. ಒಳ್ಳೆಯ ಕೆಲಸಗಾರರು ಉಳಿದುಕೊಳ್ಳುವುದು ಇದರಿಂದ ಜಾಸ್ತಿಯಾಯಿತು ಅಂತ ಮುಂದಿನ ಪರಿಶೀಲನೆಗಳಲ್ಲಿ ಕಂಡಿತು. ಇದೇ ಪದ್ಧತಿ ಆಮೇಲೆ ಅಲ್ಲಿನ ಬೇರೆ ರಕ್ಷಣಾ ಪ್ರಯೋಗಾಲಯಗಳಿಗೂ ಹರಡಿತು. ಸಂಬಳದ ಬಗ್ಗೆ ಇಷ್ಟು ಸಾಕು.

ಈಗ ಗುಟ್ಟಿನ ಮೊದಲ ಪೆಟ್ಟು. ಆಯ್ಕೆ ಸಮಿತಿಗಳಲ್ಲಿ ನಾನು ಮತ್ತೆ ಮತ್ತೆ ನೋಡಿರುವ ಮಾತು ಇದು. ಅರ್ಧ ಗಂಟೆ ಪಠ್ಯಪುಸ್ತಕದ ಪ್ರಶ್ನೆಗಳಾದ ಮೇಲೆ 'ನೀವು ಏನಾದರೂ ಕೇಳುವುದಿದೆಯಾ?' ಅನ್ನುತ್ತಾರೆ. ಹುಡುಗಿ ಕೇಳುತ್ತಾಳೆ, 'ಸೇರಿದರೆ ನನ್ನ ಕೆಲಸ ಏನು ಸರ್?' ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆಮೇಲೆ 'ರಾಷ್ಟ್ರೀಯ ಮಹತ್ವದ ಯೋಜನೆ' ಅಂತ ಏನೋ ಒಂದು ಉತ್ತರ. ಆಕೆಗೆ ಅದೇ ವಾರ ಒಂದು ಕಂಪನಿಯವರು ಲ್ಯಾಬ್ ಸುತ್ತಾಡಿಸಿ, ಮುಂದಿನ ಬಾಸ್‌ನ ಪರಿಚಯ ಮಾಡಿಸಿ, ಯಾವ ಮೇಜು ಅಂತಲೂ ತೋರಿಸಿರುತ್ತಾರೆ. ಆಕೆ ಯಾವುದನ್ನು ಆರಿಸುತ್ತಾಳೆ ಅನ್ನುವುದಕ್ಕೆ ತಜ್ಞರು ಬೇಕಿಲ್ಲ.

ಕೆಲಸ ಹೇಳದೆ ಕೆಲಸ ತೆಗೆಯುವುದು ಎಷ್ಟು ನಷ್ಟ ಅನ್ನುವುದಕ್ಕೆ ಲಾಸ್ ಅಲಾಮೊಸ್‌ನಲ್ಲಿ ನಡೆದದ್ದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಣುಬಾಂಬ್ ಯೋಜನೆಗೆ ಅಮೆರಿಕದ ಸೇನೆ ಗಣಿತ, ಯಂತ್ರ ಗೊತ್ತಿದ್ದ ಹುಡುಗರನ್ನು ಆರಿಸಿ ಕಳಿಸಿತ್ತು. ಐಬಿಎಂ ಯಂತ್ರಗಳಲ್ಲಿ ಕಾರ್ಡು ತೂರಿಸಿ ಲೆಕ್ಕ ಮಾಡುವುದು ಅವರ ಕೆಲಸ. ಆ ಅಂಕಿಗಳು ಯಾತಕ್ಕೆ ಅಂತ ಯಾರೂ ಹೇಳಿರಲಿಲ್ಲ. ಕೆಲಸ ಆಮೆ ವೇಗದಲ್ಲಿ ಸಾಗುತ್ತಿತ್ತು. ಆ ವಿಭಾಗ ನೋಡಿಕೊಳ್ಳಲು ಬಂದ ಯುವ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್, ಇವರಿಗೆ ವಿಷಯ ಹೇಳಲೇಬೇಕು ಅಂತ ಹಟ ಹಿಡಿದರು. ಪ್ರಯೋಗಾಲಯದ ಮುಖ್ಯಸ್ಥ ಓಪನ್‌ಹೈಮರ್ ಭದ್ರತೆಯವರಿಂದ ಅನುಮತಿ ತಂದರು. ಫೈನ್‌ಮನ್ ಹುಡುಗರಿಗೆ ಒಂದು ಸಣ್ಣ ಉಪನ್ಯಾಸ ಕೊಟ್ಟರು. ಅಷ್ಟೇ. ಆ ಮೇಲೆ ಹುಡುಗರು ರಾತ್ರಿಯೂ ಕೂತರು, ಲೆಕ್ಕ ಮಾಡುವ ಹೊಸ ಉಪಾಯಗಳನ್ನು ತಾವೇ ಹುಡುಕಿದರು. ಮೊದಲು ಒಂಬತ್ತು ತಿಂಗಳಲ್ಲಿ ಮೂರು ಸಮಸ್ಯೆ ಮುಗಿದಿದ್ದವು, ಆಮೇಲೆ ಮೂರು ತಿಂಗಳಲ್ಲಿ ಒಂಬತ್ತು ಮುಗಿದವು ಅನ್ನುವುದು ಫೈನ್‌ಮನ್ ಕೊಟ್ಟ ಲೆಕ್ಕ. ಅದೇ ಜನ, ಅದೇ ಸಂಬಳ, ಅದೇ ಯಂತ್ರ.

ಎಲ್ಲವನ್ನೂ ಎಲ್ಲರಿಗೂ ಹೇಳಬೇಕು ಅಂತಲ್ಲ. ಇಂಟರ್‌ವ್ಯೂಗೆ ಬಂದವನಿಗೆ ಕ್ಷಿಪಣಿಯ ವ್ಯಾಪ್ತಿ ಹೇಳಬೇಕಿಲ್ಲ. 'ನಮ್ಮಲ್ಲಿ ಶಬ್ದದಲ್ಲಿ ಮುಳುಗಿಹೋದ ಸಿಗ್ನಲ್ ಎತ್ತಿ ತೆಗೆಯುವ ಕೆಲಸ ಇದೆ, ಇಷ್ಟು ಜನರ ತಂಡ, ವರ್ಷಕ್ಕೆ ಎರಡು ಸಲ ಸಮುದ್ರಕ್ಕೆ ಹೋಗಿ ಪರೀಕ್ಷೆ ಮಾಡುತ್ತೇವೆ' ಅಂತ ಹೇಳಿದರೆ ಯಾವ ಗುಟ್ಟೂ ಬಯಲಾಗುವುದಿಲ್ಲ. ಸಮಿತಿಯಲ್ಲಿ ಕೂತ ಎಷ್ಟೋ ಜನ ಇಷ್ಟನ್ನೂ ಹೇಳದೆ ಇರುವುದು ಭದ್ರತೆಗಾಗಿ ಅಲ್ಲ, ಆ ಹುಡುಗಿಯನ್ನು ಯಾವ ವಿಭಾಗಕ್ಕೆ ಹಾಕುತ್ತಾರೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಎಲ್ಲರನ್ನೂ ಒಟ್ಟಿಗೆ ತೆಗೆದುಕೊಂಡು ಆಮೇಲೆ ಹಂಚುವ ಪದ್ಧತಿಯ ಫಲ ಅದು. ಪರೀಕ್ಷೆ ನಡೆಸಲು ಅದು ಅನುಕೂಲ. ಜನರನ್ನು ಒಲಿಸಿಕೊಳ್ಳಲು ಅನುಕೂಲ ಅಲ್ಲ.

ಎರಡನೆಯ ಪೆಟ್ಟು ಕಾಯಿಸುವುದು. ಅಮೆರಿಕದ ಕೇಂದ್ರ ಸರ್ಕಾರ ಒಂದು ಹುದ್ದೆ ತುಂಬಲು 80 ದಿನ ಅಂತ ಗುರಿ ಇಟ್ಟುಕೊಂಡಿದೆ. ನಿಜದಲ್ಲಿ ಸರಾಸರಿ 100 ದಿನದ ಆಸುಪಾಸು ಆಗುತ್ತದೆ. ರಕ್ಷಣಾ ಕೆಲಸಕ್ಕೆ ಅದರ ಮೇಲೆ ಸೆಕ್ಯುರಿಟಿ ಕ್ಲಿಯರೆನ್ಸ್ ಬೇರೆ, ಅಂದರೆ ಗುಟ್ಟಿನ ಕೆಲಸಕ್ಕೆ ಇವರನ್ನು ನಂಬಬಹುದು ಅನ್ನುವ ಒಪ್ಪಿಗೆ. ಅದರ ಅರ್ಜಿಯೇ ನೂರು ಪುಟಕ್ಕಿಂತ ಜಾಸ್ತಿ. ಹತ್ತು ವರ್ಷ ಎಲ್ಲೆಲ್ಲಿ ಇದ್ದಿರಿ, ಸಾಲ ಎಷ್ಟು, ವಿದೇಶದಲ್ಲಿ ಯಾರ ಪರಿಚಯ ಇದೆ, ಎಲ್ಲ ಬರೆಯಬೇಕು. ಆಮೇಲೆ ತನಿಖೆಯವರು ನೆರೆಮನೆಯವರನ್ನೂ ಮಾತಾಡಿಸುತ್ತಾರೆ. 2018ರಲ್ಲಿ ಹೀಗೆ ಬಾಕಿ ಬಿದ್ದ ತನಿಖೆಗಳ ರಾಶಿ 7 ಲಕ್ಷ ದಾಟಿತ್ತು. ಮೇಲಿನ ಮಟ್ಟದ ಕ್ಲಿಯರೆನ್ಸ್‌ಗೆ ಒಂದು ವರ್ಷಕ್ಕಿಂತ ಜಾಸ್ತಿ ಕಾದವರು ಬಹಳ. ಇನ್ನೊಂದು ತಮಾಷೆ ಏನೆಂದರೆ, ಇಷ್ಟು ಜತನದಿಂದ ಕೂಡಿಟ್ಟ ಇದೇ ಮಾಹಿತಿ ಕಳುವಾಯಿತು. ಸುಮಾರು 2 ಕೋಟಿ 15 ಲಕ್ಷ ಜನರ ವಿವರ ಹ್ಯಾಕರ್‌ಗಳ ಕೈಸೇರಿದೆ ಅಂತ 2015ರಲ್ಲಿ ಗೊತ್ತಾಯಿತು. ಜನರ ಬದುಕಿನ ಒಳಗುಟ್ಟೆಲ್ಲ ಕೇಳಿ ಬರೆಸಿಕೊಂಡವರು ಅದನ್ನು ಕಾಯಲಿಲ್ಲ.

ಈ ಕಾಯುವಿಕೆಯಲ್ಲಿ ಯಾರು ಕಳಚಿಕೊಳ್ಳುತ್ತಾರೆ? ಕೈಯಲ್ಲಿ ಬೇರೆ ಆಫರ್ ಇರುವವರು. ಅಂದರೆ ನಿಮಗೆ ಬೇಕಾಗಿದ್ದವರೇ. ಬೇರೆ ದಾರಿ ಇಲ್ಲದವರು ಎಷ್ಟು ದಿನ ಬೇಕಾದರೂ ಕಾಯುತ್ತಾರೆ. ಹಾಗಾಗಿ ಕಾಯಿಸುವುದು ತಾನೇ ಒಂದು ಆಯ್ಕೆ ಪರೀಕ್ಷೆ ಆಗಿಬಿಡುತ್ತದೆ, ಅದೂ ತಿರುಗುಮುರುಗಾಗಿ. ಕಾಗದದ ಮೇಲೆ ಎಲ್ಲ ಹುದ್ದೆಗಳೂ ತುಂಬಿರುತ್ತವೆ, ಅದಕ್ಕೇ ಈ ನಷ್ಟ ಯಾವ ವರದಿಯಲ್ಲೂ ಕಾಣಿಸುವುದಿಲ್ಲ.

ಪರಿಶೀಲನೆ ತಪ್ಪು ದಾರಿ ಹಿಡಿದರೆ ಏನಾಗುತ್ತದೆ ಅನ್ನುವುದಕ್ಕೆ ಚಿಯನ್ ಶ್ವೆಸೆನ್ ಅವರ ಕಥೆ ಇದೆ. ಚೀನಾದಿಂದ ಓದಲು ಬಂದವರು. ಅಮೆರಿಕದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯ ಕಟ್ಟಿದವರಲ್ಲಿ ಒಬ್ಬರು. 1945ರಲ್ಲಿ ಸೋತ ಜರ್ಮನಿಗೆ ಹೋಗಿ ಅಲ್ಲಿನ ರಾಕೆಟ್ ವಿಜ್ಞಾನಿ ಫಾನ್ ಬ್ರೌನ್ ಅವರನ್ನು ಪ್ರಶ್ನೆ ಮಾಡಿದ ಅಮೆರಿಕನ್ ತಂಡದಲ್ಲೂ ಇದ್ದರು. 1950ರಲ್ಲಿ ಕಮ್ಯುನಿಸ್ಟ್ ಇರಬಹುದು ಅನ್ನುವ ಅನುಮಾನದ ಮೇಲೆ ಅವರ ಕ್ಲಿಯರೆನ್ಸ್ ಕಿತ್ತುಕೊಂಡರು. ಐದು ವರ್ಷ ಕಣ್ಗಾವಲಿನಲ್ಲಿ ಇಟ್ಟರು. 1955ರಲ್ಲಿ ಚೀನಾಕ್ಕೆ ಕಳಿಸಿದರು. ಅಲ್ಲಿ ಅವರು ಚೀನಾದ ಕ್ಷಿಪಣಿ ಯೋಜನೆಯನ್ನೇ ಕಟ್ಟಿ ನಿಲ್ಲಿಸಿದರು. ಅದೇ ಕಾಲದಲ್ಲಿ ಅಮೆರಿಕ ಸುಮಾರು 1,600 ಜರ್ಮನ್ ವಿಜ್ಞಾನಿ, ತಂತ್ರಜ್ಞರನ್ನು ಕರೆತಂದು ಕೆಲಸ ಕೊಟ್ಟಿತ್ತು. ಫಾನ್ ಬ್ರೌನ್ ನಾಜಿ ಪಕ್ಷದ ಸದಸ್ಯರಾಗಿದ್ದವರು, ಅವರಿಗೆ ಬಾಗಿಲು ತೆರೆಯಿತು. ಅಮೆರಿಕಕ್ಕಾಗಿಯೇ ದುಡಿದಿದ್ದ ಚಿಯನ್‌ಗೆ ಮುಚ್ಚಿತು. ಭದ್ರತಾ ಪರಿಶೀಲನೆ ಅಂದರೆ ಯಾವಾಗಲೂ ತೂಕ ಮಾಡಿ ಕೊಟ್ಟ ತೀರ್ಪು ಅಂತ ನಂಬುವವರು ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಇದರ ಇನ್ನೊಂದು ಮುಖವೂ ಇದೆ. 1940ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ರೇಡಾರ್ ಕೆಲಸ ಜೋರಾಗಿತ್ತು. ನಾಜಿಗಳಿಂದ ತಪ್ಪಿಸಿಕೊಂಡು ಬಂದಿದ್ದ ಆಸ್ಟ್ರಿಯಾದ ಭೌತವಿಜ್ಞಾನಿ ಆಟೊ ಫ್ರಿಶ್ ಶತ್ರು ದೇಶದವರು ಅಂತ ಲೆಕ್ಕ. ರೇಡಾರ್ ಪರಮ ಗುಟ್ಟು, ಅವರನ್ನು ಸೇರಿಸುವ ಹಾಗಿರಲಿಲ್ಲ. ಯುರೇನಿಯಂ ಬಗ್ಗೆ ಯಾರಿಗೂ ಅಷ್ಟು ತಲೆಬಿಸಿ ಇರಲಿಲ್ಲ, ಹಾಗಾಗಿ ಅವರಿಗೆ ಅದರ ಬಗ್ಗೆ ಯೋಚಿಸಲು ಸಮಯ ಸಿಕ್ಕಿತು. ಅವರೂ ಅಲ್ಲಿನ ಇನ್ನೊಬ್ಬ ಭೌತವಿಜ್ಞಾನಿ ರುಡಾಲ್ಫ್ ಪೀರ್ಲ್ಸ್ ಅವರೂ ಸೇರಿ ಆ ಮಾರ್ಚ್‌ನಲ್ಲಿ ಬರೆದ ಕೆಲವೇ ಪುಟಗಳ ಟಿಪ್ಪಣಿ, ಅಣುಬಾಂಬ್ ಮಾಡಲು ಕೆಲವೇ ಕಿಲೋ ಯುರೇನಿಯಂ ಸಾಕಾಗಬಹುದು ಅಂತ ಲೆಕ್ಕ ಹಾಕಿ ತೋರಿಸಿತು. ಯಾವುದು ಗುಟ್ಟು, ಯಾರು ನಂಬಿಕಸ್ಥರು ಅಂತ ಮೊದಲೇ ಗೆರೆ ಎಳೆಯುವುದು ಎಷ್ಟು ಕಷ್ಟ, ಅಲ್ವಾ?

ಪೌರತ್ವದ ನಿಯಮ ಇವತ್ತಿಗೂ ದೊಡ್ಡ ಗೋಡೆ. ಅಮೆರಿಕದಲ್ಲಿ ಇಂಜಿನಿಯರಿಂಗ್, ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ವಿದೇಶಿ ವೀಸಾದವರು. ಅವರಲ್ಲಿ ಬಹುಪಾಲಿಗೆ ರಕ್ಷಣಾ ಪ್ರಯೋಗಾಲಯದ ಬಾಗಿಲು ಮುಚ್ಚಿರುತ್ತದೆ. 'ಜನ ಸಾಲುತ್ತಿಲ್ಲ' ಅನ್ನುವ ಅಲ್ಲಿನ ಕೂಗಿನಲ್ಲಿ ಒಂದು ಪಾಲು ಇದು. ಜನ ಇದ್ದಾರೆ, ತೆಗೆದುಕೊಳ್ಳುವ ಹಾಗಿಲ್ಲ.

ಹಾಗಾದರೆ ಯಾರು ಇದನ್ನು ಸರಿಯಾಗಿ ಮಾಡಿದ್ದಾರೆ? ಸಮಯದ ತೊಂದರೆಗೆ ನನಗೆ ಹಿಡಿಸಿದ ಪರಿಹಾರ, ಓದುವಾಗಲೇ ಹಿಡಿದುಕೊಳ್ಳುವುದು. ಅಮೆರಿಕದ ರಕ್ಷಣಾ ಇಲಾಖೆಯ ಸ್ಮಾರ್ಟ್ ಅನ್ನುವ ವಿದ್ಯಾರ್ಥಿವೇತನ ಹೀಗೆ ನಡೆಯುತ್ತದೆ. ವಿದ್ಯಾರ್ಥಿಯ ಫೀಸು, ಖರ್ಚು ಇಲಾಖೆಯದು. ಒಂದು ಪ್ರಯೋಗಾಲಯ ಮೊದಲೇ ಅವನನ್ನು ತನ್ನವನು ಅಂತ ಆರಿಸಿರುತ್ತದೆ. ಬೇಸಿಗೆಯಲ್ಲಿ ಅಲ್ಲೇ ಇಂಟರ್ನ್‌ಶಿಪ್. ಓದು ಮುಗಿದ ಮೇಲೆ, ಎಷ್ಟು ವರ್ಷ ನೆರವು ಪಡೆದನೋ ಹೆಚ್ಚುಕಡಿಮೆ ಅಷ್ಟು ವರ್ಷ ಅಲ್ಲಿ ದುಡಿಯಬೇಕು. ಬಾಂಡ್ ಅಂದರೆ ಹುಡುಗರಿಗೆ ಹೆದರಿಕೆ, ನಿಜ. ಆದರೆ ಇಲ್ಲಿ ಬಾಂಡ್‌ಗಿಂತ ದೊಡ್ಡ ಲಾಭ ಬೇರೆ. ಪರಿಶೀಲನೆ ಓದಿನ ಜೊತೆಜೊತೆಗೇ ಸಾಗಬಹುದು. ಡಿಗ್ರಿ ಕೈಗೆ ಬಂದಾಗ ಮೇಜು, ಬಾಸ್, ಕೆಲಸ ಎಲ್ಲ ಗೊತ್ತಿರುತ್ತದೆ. ಎರಡೂ ಕಡೆಯವರು ಒಬ್ಬರನ್ನೊಬ್ಬರು ನೋಡಿರುತ್ತಾರೆ.

ಇದನ್ನು ಇನ್ನೂ ಮುಂದಕ್ಕೆ ಒಯ್ದವರು ಇಸ್ರೇಲಿನವರು. 1973ರ ಯುದ್ಧದಲ್ಲಿ ತಿಂದ ಪೆಟ್ಟಿನ ನಂತರ, 1979ರಲ್ಲಿ ತಲ್ಪಿಯೋತ್ ಅನ್ನುವ ಕಾರ್ಯಕ್ರಮ ಶುರು ಮಾಡಿದರು. ಹೈಸ್ಕೂಲು ಮುಗಿಸಿದವರಲ್ಲಿ ವರ್ಷಕ್ಕೆ ಕೆಲವು ಡಜನ್ ಮಂದಿಯನ್ನು ಮಾತ್ರ ಆರಿಸುತ್ತಾರೆ. ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷ ಭೌತವಿಜ್ಞಾನ, ಗಣಿತ, ಕಂಪ್ಯೂಟರ್ ಓದು. ಆಮೇಲೆ ಆರು ವರ್ಷ ಸೇವೆ. ಓದಿನ ನಡುವೆ ರಜೆ ಬಂದಾಗ ಇವರನ್ನು ಸೇನೆಯ ಬೇರೆ ಬೇರೆ ವಿಭಾಗಗಳಿಗೆ ಕಳಿಸುತ್ತಾರೆ. ಕಾಲಾಳುಪಡೆ, ಟ್ಯಾಂಕು, ವಿಮಾನ, ನೌಕೆ, ಎಲ್ಲ ಕಡೆ ಸ್ವಲ್ಪ ದಿನ. ನನಗೆ ಇಡೀ ಕಾರ್ಯಕ್ರಮದಲ್ಲಿ ಮೆಚ್ಚಿಗೆಯಾದದ್ದು ಇದೊಂದೇ. ಟ್ಯಾಂಕಿನೊಳಗೆ ಸೆಕೆಯಲ್ಲಿ ಕೂತು ಬಂದವನು ಸ್ಕ್ರೀನ್ ಎಲ್ಲಿರಬೇಕು ಅಂತ ಯಾರನ್ನೂ ಕೇಳಬೇಕಿಲ್ಲ. ಉಳಿದದ್ದನ್ನು ಬೇರೆ ದೇಶದವರು ಕಣ್ಣುಮುಚ್ಚಿ ನಕಲು ಮಾಡುವ ಹಾಗಿಲ್ಲ. ಅಲ್ಲಿ ಬಹುಪಾಲು ಯುವಜನರಿಗೆ ಕಡ್ಡಾಯ ಸೇನಾ ಸೇವೆ ಇದೆ, ಅದೇ ಆ ಯೋಜನೆಯ ಬೆನ್ನೆಲುಬು. ಕಡ್ಡಾಯ ಸೇವೆ ಇಲ್ಲದ ಕಡೆ ಹದಿನೆಂಟರ ಹುಡುಗನಿಂದ ಒಂಬತ್ತು ವರ್ಷ ಬರೆಸಿಕೊಳ್ಳಲು ಯಾವ ಅಪ್ಪ ಅಮ್ಮ ಒಪ್ಪುತ್ತಾರೆ?

ಇನ್ನೊಂದು ದಾರಿ, ಜನರನ್ನು ಕರೆಯುವ ಬದಲು ಜನ ಇರುವ ಕಡೆಗೇ ಕೆಲಸ ಒಯ್ಯುವುದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಯುದ್ಧ ಸಂಶೋಧನೆಯ ಹೊಣೆ ಹೊತ್ತಿದ್ದ ವಾನಿವರ್ ಬುಷ್ ಮಾಡಿದ್ದು ಇದೇ. ವಿಜ್ಞಾನಿಗಳನ್ನು ಸರ್ಕಾರಿ ನೌಕರರನ್ನಾಗಿ ಮಾಡದೆ, ವಿಶ್ವವಿದ್ಯಾಲಯಗಳಿಗೇ ಗುತ್ತಿಗೆ ಕೊಟ್ಟರು. ರೇಡಾರ್ ಕೆಲಸಕ್ಕೆ 1940ರ ಕೊನೆಯಲ್ಲಿ ಎಂಐಟಿಯಲ್ಲಿ ರೇಡಿಯೇಷನ್ ಲ್ಯಾಬ್ ತೆರೆಯಿತು. ಹೆಸರೂ ಬೇಕೆಂದೇ ದಾರಿ ತಪ್ಪಿಸುವಂಥದ್ದು. ಅರ್ಜಿ ಕರೆಯಲಿಲ್ಲ, ಪರೀಕ್ಷೆ ನಡೆಸಲಿಲ್ಲ. ಭೌತವಿಜ್ಞಾನಿಗಳು ಭೌತವಿಜ್ಞಾನಿಗಳಿಗೆ ಫೋನ್ ಮಾಡಿದರು. ಅರ್ನೆಸ್ಟ್ ಲಾರೆನ್ಸ್ ಅಂಥವರು ಕರೆದರೆ, ವಿಷಯ ಪೂರ್ತಿ ಹೇಳದಿದ್ದರೂ, ಜನ ಹೊರಟು ಬರುತ್ತಿದ್ದರು. ಕೆಲವು ಡಜನ್ ಮಂದಿಯಿಂದ ಶುರುವಾದದ್ದು ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 4,000ಕ್ಕೆ ಬೆಳೆಯಿತು. ಕೆಲಸದ ವಿವರ ಹೇಳಲು ಆಗದಿದ್ದಾಗ, ಕರೆಯುವವರ ಮೇಲಿನ ನಂಬಿಕೆ ಅದರ ಜಾಗ ತುಂಬುತ್ತದೆ. ಇವತ್ತು ಕರೆ ಬರುವುದು ಯಾವುದೋ ಪೋರ್ಟಲ್‌ನಿಂದ. ಪೋರ್ಟಲ್ ಮೇಲೆ ಯಾರಿಗೆ ನಂಬಿಕೆ? ಆದರೆ ಈ ಫೋನ್ ಪದ್ಧತಿಗೆ ಒಂದು ದೋಷ ಇದ್ದೇ ಇದೆ. ಗೊತ್ತಿದ್ದವರು ಗೊತ್ತಿದ್ದವರನ್ನೇ ಕರೆಯುತ್ತಾರೆ. ಸಣ್ಣ ಊರಿನ, ಹೆಸರಿಲ್ಲದ ಕಾಲೇಜಿನ ಹುಡುಗಿಗೆ ಆ ಫೋನ್ ಬರುವುದೇ ಇಲ್ಲ. ಎಲ್ಲರಿಗೂ ಒಂದೇ ಪರೀಕ್ಷೆ ಇಡುವ ಪದ್ಧತಿಯನ್ನು ನಾನು ಎಷ್ಟು ಬೈದರೂ, ಆಕೆಗೆ ಅದೊಂದೇ ಬಾಗಿಲು ಅನ್ನುವುದನ್ನು ಮರೆಯಲಾರೆ.

ಸ್ವಲ್ಪ ಕಾಲಕ್ಕೆ ಮಾತ್ರ ಕರೆಯುವುದೂ ಒಂದು ಉಪಾಯ. ಅಮೆರಿಕದ ರಕ್ಷಣಾ ಸಂಶೋಧನೆಗೆ ಹಣ ಕೊಡುವ ಡಾರ್ಪಾ ಸಂಸ್ಥೆಯಲ್ಲಿ ಯೋಜನೆ ನಡೆಸುವವರು ಸುಮಾರು ನೂರು ಜನ. ಮೂರರಿಂದ ಐದು ವರ್ಷ ಇದ್ದು ಹೊರಡುತ್ತಾರೆ. ಹೊರಡುವ ತಾರೀಕು ಅವರ ಐಡಿ ಕಾರ್ಡಿನ ಮೇಲೇ ಅಚ್ಚಾಗಿರುತ್ತದೆ. ಪ್ರೊಫೆಸರ್ ಒಬ್ಬರಿಗೆ ತಮ್ಮ ವಿಶ್ವವಿದ್ಯಾಲಯದ ಕುರ್ಚಿ ಬಿಡದೆ ದೇಶದ ಕೆಲಸ ಮಾಡಲು ಇದು ಒಳ್ಳೆಯ ಅವಕಾಶ. ಆದರೆ ಇಪ್ಪತ್ತು ವರ್ಷ ಒಂದೇ ಎಂಜಿನ್ ಹಿಂದೆ ಬೀಳಬೇಕಾದ ಕೆಲಸಕ್ಕೆ ಇದು ಆಗುವುದಿಲ್ಲ.

ಇಲ್ಲಿ ಒಂದು ಅಡ್ಡ ಮಾತು. ಜನ ಸಾಲದು ಅಂದರೆ ಎಲ್ಲರೂ ಮೇಧಾವಿಗಳು ಸಾಲದು ಅಂತಲೇ ತಿಳಿಯುತ್ತಾರೆ. 1941ರ ಅಕ್ಟೋಬರ್‌ನಲ್ಲಿ, ಜರ್ಮನ್ ಸಂಕೇತಗಳನ್ನು ಬಿಡಿಸುತ್ತಿದ್ದ ಬ್ಲೆಚ್‌ಲಿ ಪಾರ್ಕ್‌ನಿಂದ ಅಲನ್ ಟ್ಯೂರಿಂಗ್ ಮತ್ತು ಮೂವರು ಜೊತೆಗಾರರು ಪ್ರಧಾನಿ ಚರ್ಚಿಲ್‌ಗೆ ನೇರ ಪತ್ರ ಬರೆದರು. ಮೇಲಿನವರನ್ನು ದಾಟಿ ಬರೆದದ್ದು, ಸಣ್ಣ ಧೈರ್ಯ ಅಲ್ಲ. ಅವರು ಬೇಡಿದ್ದು ಗಣಿತಜ್ಞರನ್ನಲ್ಲ. ಗುಮಾಸ್ತರು, ಟೈಪಿಸ್ಟರು, ಯಂತ್ರ ನಡೆಸುವ ಹುಡುಗಿಯರು, ಅಷ್ಟೇ. ಆ ಸಣ್ಣ ಕೊರತೆಗೆ ಸಂಕೇತ ಬಿಡಿಸುವ ಕೆಲಸವೇ ನಿಂತಿತ್ತು. ಚರ್ಚಿಲ್ 'ಇವತ್ತೇ ಆಗಬೇಕು' ಅಂತ ಆದೇಶ ಬರೆದರು. ಇವತ್ತಿನ ಪ್ರಯೋಗಾಲಯಗಳಲ್ಲೂ ಪಿಎಚ್.ಡಿ. ಆದವರು ಬಿಲ್ಲು ಪಾಸು ಮಾಡಿಸುತ್ತ, ಖರೀದಿ ಫೈಲು ಹಿಡಿದುಕೊಂಡು ಓಡಾಡುವುದನ್ನು ನೋಡಿದರೆ ಆ ಪತ್ರ ನೆನಪಾಗುತ್ತದೆ. ಒಳ್ಳೆಯ ಇಬ್ಬರು ತಂತ್ರಜ್ಞರು, ಒಬ್ಬ ಚುರುಕಾದ ಖರೀದಿ ಅಧಿಕಾರಿ ಸಿಕ್ಕರೆ, ಇರುವ ವಿಜ್ಞಾನಿಗಳೇ ಎರಡರಷ್ಟು ಕೆಲಸ ಮಾಡಿಯಾರು.

ಮೂರನೆಯ ಪೆಟ್ಟು ಸೇರಿದ ಮೇಲೆ ಬೀಳುವುದು. ಹೊರಗಿನ ಗೆಳೆಯರು ಪ್ರಬಂಧ ಪ್ರಕಟಿಸುತ್ತಾರೆ, ಸಮ್ಮೇಳನಕ್ಕೆ ಹೋಗುತ್ತಾರೆ, ಮಾಡಿದ್ದನ್ನು ಪ್ರೊಫೈಲಿನಲ್ಲಿ ಹಾಕಿಕೊಳ್ಳುತ್ತಾರೆ. ಇವನು ಐದು ವರ್ಷ ಅದ್ಭುತ ಕೆಲಸ ಮಾಡಿದ್ದರೂ ಹೊರಗಿನವರ ಕಣ್ಣಿಗೆ ಐದು ವರ್ಷ ಸುಮ್ನೆ ಕೂತ ಹಾಗೆ. ಹೊರಗಿನ ಹೆಸರು ಇಲ್ಲವಾದ್ದರಿಂದ ಒಳಗಿನ ಮನ್ನಣೆ ಜೋರಾಗಿಯೇ ಇರಬೇಕು. ಭಾರತದ ಡಿಆರ್‌ಡಿಒ ಮತ್ತಿತರ ವಿಜ್ಞಾನ ಇಲಾಖೆಗಳಲ್ಲಿ ಮೇಲಿನ ಹುದ್ದೆ ಖಾಲಿಯಾಗಲಿ ಅಂತ ಕಾಯದೆ, ಕೆಲಸದ ಮೌಲ್ಯಮಾಪನ ಮಾಡಿ ಪ್ರಮೋಷನ್ ಕೊಡುವ ವ್ಯವಸ್ಥೆ ಇದೆ. ಮೇಲಿನವರು ನಿವೃತ್ತರಾಗಲಿ ಅಂತ ಯಾರೂ ದಿನ ಎಣಿಸಬೇಕಿಲ್ಲ. ಒಳ್ಳೆಯ ಕ್ರಮ. 2020ರ ಜನವರಿಯಲ್ಲಿ ಅದೇ ಸಂಸ್ಥೆ ಐದು ಯುವ ವಿಜ್ಞಾನಿ ಪ್ರಯೋಗಾಲಯಗಳನ್ನು ತೆರೆಯಿತು. ನಿರ್ದೇಶಕರನ್ನೂ ಸೇರಿಸಿ ಎಲ್ಲರೂ 35 ವರ್ಷದೊಳಗಿನವರು ಅನ್ನುವುದು ನಿಯಮ. ವಯಸ್ಸಿನ ಗೆರೆ ಎಳೆದರೆ ಹೊಸ ವಿಚಾರ ತಾನಾಗಿ ಬರುತ್ತದೆ ಅಂತ ನಾನು ನಂಬುವುದಿಲ್ಲ. ಆದರೆ ಮೂವತ್ತರ ಇಂಜಿನಿಯರ್ ಕೈಗೆ ತೀರ್ಮಾನದ ಅಧಿಕಾರ ಕೊಡುವುದು ಖಂಡಿತ ಕೆಲಸ ಮಾಡುತ್ತದೆ.

ಅದಕ್ಕೆ ಮತ್ತೆ ಚೈನಾ ಲೇಕ್‌ಗೇ ಬರಬೇಕು. ಅದು ಇರುವುದು ಮೊಹಾವಿ ಮರುಭೂಮಿಯಲ್ಲಿ. ಬಿಸಿಲು, ಮರಳು ಬಿಟ್ಟರೆ ಇನ್ನೇನಿಲ್ಲ. ಆದರೂ 1950ರ ಸುಮಾರಿಗೆ ಅಲ್ಲಿಗೆ ಒಳ್ಳೆಯ ಇಂಜಿನಿಯರ್‌ಗಳು ಬಂದು ನೆಲೆಸಿದರು. ವಿಲಿಯಂ ಮೆಕ್‌ಲೀನ್ ಅನ್ನುವ ಭೌತವಿಜ್ಞಾನಿ ಅಲ್ಲಿ ಶಾಖ ಹಿಡಿದು ವಿಮಾನದ ಬೆನ್ನುಹತ್ತುವ ಕ್ಷಿಪಣಿಯ ಕೆಲಸ ಶುರು ಮಾಡಿದಾಗ ಮೇಲಿನಿಂದ ಯಾರೂ ಅದನ್ನು ಕೇಳಿರಲಿಲ್ಲ. ಪ್ರಯೋಗಾಲಯದ ಒಳಗಿನ ಹಣ, ಕೆಲಸಗಾರರ ಸ್ವಂತ ಹುಮ್ಮಸ್ಸು, ಇಷ್ಟರಲ್ಲೇ ಮುಂದುವರಿಯಿತು. ಬೆಳಿಗ್ಗೆ ಮಾಡಿದ್ದನ್ನು ಪಕ್ಕದ ರೇಂಜಿನಲ್ಲೇ ಹಾರಿಸಿ ನೋಡಬಹುದಿತ್ತು. 1953ರಲ್ಲಿ ಅದು ಗುರಿಗೆ ತಗಲಿತು. ಅದೇ ಸೈಡ್‌ವೈಂಡರ್. ಇವತ್ತಿಗೂ ಅದರ ಹೊಸ ರೂಪಗಳು ಬಳಕೆಯಲ್ಲಿವೆ. ಅಮೆರಿಕದ ರಕ್ಷಣಾ ಪ್ರಯೋಗಾಲಯಗಳು ತಮ್ಮ ಹಣದ ನೂರಕ್ಕೆ ಎರಡರಿಂದ ನಾಲ್ಕು ಭಾಗವನ್ನು ತಮಗೆ ತೋಚಿದ ಸಂಶೋಧನೆಗೆ ಬಳಸಲು ಈಗ ಕಾನೂನೇ ಅವಕಾಶ ಕೊಟ್ಟಿದೆ. ಜನರನ್ನು ಉಳಿಸಿಕೊಳ್ಳಲು ಇದಕ್ಕಿಂತ ಅಗ್ಗದ ದಾರಿ ನನಗೆ ಕಂಡಿಲ್ಲ.

ಕೊನೆಗೆ, ನೀವು ಕೇಳದೆ ಬಿಟ್ಟ ಒಂದು ವಿಷಯ. ನಿಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು 'ಸಂಬಳ ಕಮ್ಮಿ' ಅನ್ನುವುದು ಬೇರೆ ಮಾತನ್ನು ಬಾಯಿಬಿಟ್ಟು ಹೇಳಲಾಗದೆ ಇರಬಹುದು: ಆಯುಧ ಮಾಡಲು ಮನಸ್ಸು ಒಪ್ಪುವುದಿಲ್ಲ. ಅದು ಹೊಸದೂ ಅಲ್ಲ, ದೇಶದ್ರೋಹವೂ ಅಲ್ಲ. ಜರ್ಮನಿಯ ಹತ್ತಿರ ಅಣುಬಾಂಬ್ ಇಲ್ಲ ಅಂತ ಗೊತ್ತಾದ ಮೇಲೆ ಭೌತವಿಜ್ಞಾನಿ ಜೋಸೆಫ್ ರಾಟ್‌ಬ್ಲಾಟ್ 1944ರ ಕೊನೆಯಲ್ಲಿ ಲಾಸ್ ಅಲಾಮೊಸ್ ಬಿಟ್ಟು ಹೊರಟರು. 1995ರಲ್ಲಿ ಅವರಿಗೆ ಶಾಂತಿ ನೊಬೆಲ್ ಬಂತು. ಯುದ್ಧದಲ್ಲಿ ವಿಮಾನ ಹೊಡೆಯುವ ತೋಪುಗಳಿಗೆ ಗಣಿತ ಮಾಡಿಕೊಟ್ಟಿದ್ದ ನಾರ್ಬರ್ಟ್ ವೀನರ್, ಆ ಕೆಲಸದ ಬಗ್ಗೆ ತಾವು ಬರೆದ ವರದಿಯ ಪ್ರತಿಯನ್ನು ಕ್ಷಿಪಣಿ ಕೆಲಸಕ್ಕೆ ಕೇಳಿದಾಗ ಕೊಡುವುದಿಲ್ಲ ಅಂದರು. ಆ ಉತ್ತರ 1947ರಲ್ಲಿ ಅಚ್ಚಾಯಿತು. 2018ರಲ್ಲಿ ಡ್ರೋನ್ ಚಿತ್ರಗಳಲ್ಲಿ ಏನಿದೆ ಅಂತ ಗುರುತಿಸುವ ಅಮೆರಿಕದ ರಕ್ಷಣಾ ಇಲಾಖೆಯ ಮೇವನ್ ಯೋಜನೆಯ ವಿರುದ್ಧ ಗೂಗಲ್‌ನ 3,000ಕ್ಕೂ ಹೆಚ್ಚು ನೌಕರರು ಸಹಿ ಹಾಕಿದರು. ಕಂಪನಿ ಆ ಗುತ್ತಿಗೆಯನ್ನು ಮುಂದುವರಿಸಲಿಲ್ಲ.

ಇಂಥವರನ್ನು ಒತ್ತಾಯ ಮಾಡಿ ತಂದರೆ ಎರಡು ವರ್ಷದಲ್ಲಿ ಹೋಗುತ್ತಾರೆ. ನಿಷ್ಠೆ ಬರೆದುಕೊಡಿ ಅಂದರಂತೂ ಇನ್ನೂ ದೂರ ಸರಿಯುತ್ತಾರೆ. ಸ್ಪುಟ್ನಿಕ್ ಹಾರಿದ ಮಾರನೆಯ ವರ್ಷ, 1958ರಲ್ಲಿ, ಅಮೆರಿಕ ವಿಜ್ಞಾನ ಶಿಕ್ಷಣಕ್ಕೆ ಭಾರಿ ಹಣ ಸುರಿಯುವ ಕಾನೂನು ಮಾಡಿತು. ಅದರಲ್ಲಿ, ಸರ್ಕಾರ ಉರುಳಿಸುವ ಸಂಘಟನೆಗಳಲ್ಲಿ ನಂಬಿಕೆ ಇಲ್ಲ ಅಂತ ವಿದ್ಯಾರ್ಥಿಗಳು ಪ್ರಮಾಣಪತ್ರ ಕೊಡಬೇಕು ಅನ್ನುವ ಷರತ್ತಿತ್ತು. ಹಾರ್ವರ್ಡ್, ಯೇಲ್ ಅಂಥ ವಿಶ್ವವಿದ್ಯಾಲಯಗಳು ಆ ಕಾನೂನಿನ ವಿದ್ಯಾರ್ಥಿ ಸಾಲದ ಯೋಜನೆಯಿಂದಲೇ ಹೊರಬಂದವು. 1962ರಲ್ಲಿ ಷರತ್ತು ತೆಗೆದರು. ಆಸೆ ತೋರಿಸಿ ಕರೆಯುತ್ತಿರುವಾಗಲೇ ಅನುಮಾನವನ್ನೂ ತೋರಿಸಿದರೆ ಹೀಗೇ ಆಗುವುದು.

ನಿಜವಾಗಿ ಹೋಗಬೇಕು ಅನ್ನುವ ಒಬ್ಬಿಬ್ಬರಿಗೆ ಇಷ್ಟು ಹೇಳಿ. ಓದುವಾಗಲೇ ಯಾವುದಾದರೂ ರಕ್ಷಣಾ ಪ್ರಯೋಗಾಲಯದಲ್ಲಿ ಇಂಟರ್ನ್‌ಶಿಪ್ ಅಥವಾ ಪ್ರಾಜೆಕ್ಟ್ ಸಿಗುತ್ತದಾ ನೋಡಲಿ. ಇಂಟರ್‌ವ್ಯೂನಲ್ಲಿ ಹೆದರದೆ ಕೇಳಲಿ: ನನ್ನ ಮೊದಲ ಮೇಲಧಿಕಾರಿ ಯಾರು? ಮಾಡಿದ್ದನ್ನು ಪರೀಕ್ಷೆ ಮಾಡಿ ನೋಡಲು ಎಷ್ಟು ಸಲ ಹೋಗುತ್ತೇವೆ? ಪ್ರಕಟಿಸಬಹುದಾದ ಕೆಲಸ ಸ್ವಲ್ಪವಾದರೂ ಇದೆಯಾ? ಐದು ವರ್ಷದ ಹಿಂದೆ ಸೇರಿದವರಲ್ಲಿ ಎಷ್ಟು ಜನ ಉಳಿದಿದ್ದಾರೆ? ಇದರಲ್ಲಿ ಯಾವುದೂ ಗುಟ್ಟಲ್ಲ. ಕೊನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ ಅದೂ ಒಂದು ಉತ್ತರ. ಹಳೆಯ ವಿಳಾಸಗಳು, ಸರ್ಟಿಫಿಕೇಟುಗಳು, ವಿದೇಶದ ಪರಿಚಯಸ್ಥರ ವಿವರ ಈಗಿನಿಂದಲೇ ಒಂದು ಕಡೆ ಬರೆದಿಡಲಿ. ಎಷ್ಟೋ ವಿಳಂಬ ಇವು ಸಿಗದೆ ಆಗುವುದು. ಸಾಲ ಇದ್ದರೆ, ಹಿಂದೆ ಏನಾದರೂ ಎಡವಟ್ಟು ಆಗಿದ್ದರೆ ಮುಚ್ಚಿಡದೆ ಬರೆಯಲಿ. ಆದದ್ದನ್ನು ಎಷ್ಟೋ ಸಲ ಮನ್ನಿಸುತ್ತಾರೆ, ಮುಚ್ಚಿಟ್ಟದ್ದನ್ನು ಮನ್ನಿಸುವುದು ಅಪರೂಪ. ಮತ್ತೆ, ವೆರಿಫಿಕೇಶನ್ ಪೂರ್ತಿ ಮುಗಿದು ಸೇರುವ ತಾರೀಕು ಬರವಣಿಗೆಯಲ್ಲಿ ಕೈಗೆ ಬರುವವರೆಗೆ ಇರುವ ಕೆಲಸಕ್ಕೆ ರಾಜೀನಾಮೆ ಕೊಡುವುದು ಬೇಡ.